ಉಳಿದುಹೋದ ಬಾಲ

ಆ ಮನೆಯ ಮೇಜಿನ ಫ್ಯಾನು ಕತ್ತು ಆಡಿಸದೆ ಎಂಟು ತಿಂಗಳಾಗಿತ್ತು. ಅತ್ತಿತ್ತ ತಿರುಗಿ ಎಲ್ಲರಿಗೂ ಗಾಳಿ ಹಂಚಬೇಕಾದ ಅದರ ಕತ್ತಿಗೆ ಜಿನ್‌ಫಾ ಪ್ಲಾಸ್ಟಿಕ್ ಹಗ್ಗ ಬಿಗಿದು, ಮುಖವನ್ನು ಗೋಡೆಯ ಕಡೆ ತಿರುಗಿಸಿಟ್ಟಿದ್ದ. ಗಾಳಿ ಸೋಕಿದರೆ ಸಾಕು, ಅವನ ತಾಯಿಗೆ ಎಡಪಕ್ಕೆಯ ಮೇಲೆ ಯಾರೋ ಕಾದ ಎಣ್ಣೆ ಚೆಲ್ಲಿದಂತಾಗುತ್ತಿತ್ತು. ಹೀಗಾಗಿ ಮಾತೌ ಪೇಟೆಯ ಆಗಸ್ಟ್ ತಿಂಗಳ ಸೆಕೆಯಲ್ಲಿ ಆ ಮನೆಯಲ್ಲಿ ತಣ್ಣಗಿದ್ದದ್ದು ಗೋಡೆಯೊಂದೇ.

ತಾಯಿಯ ಹೆಸರು ಬೋಂಗ್‌ಯೋ. ಹಾಗೆಂದರೆ ‘ಇರಲಿ ಬಿಡು, ಸಾಕೋಣ’ ಎಂದು ಅರ್ಥ. ಸಾಲಾಗಿ ನಾಲ್ಕನೆಯದೂ ಹೆಣ್ಣಾದಾಗ ಅವರಪ್ಪ ನಿಟ್ಟುಸಿರಿನ ಜೊತೆಗೇ ಕೊಟ್ಟ ಹೆಸರು. ಹಾಗೆ ಇರಲಿ ಬಿಡು ಅನ್ನಿಸಿಕೊಂಡವರು ಎಪ್ಪತ್ತಾರು ವರ್ಷ ಗಟ್ಟಿಯಾಗಿಯೇ ಇದ್ದರು. ಬೆಳಗಿನ ಸಂತೆಯಲ್ಲಿ ಬಟ್ಟಲು ಕಡುಬಿನ ಅಂಗಡಿ ಹೂಡಿ, ಗಂಡನನ್ನು ಕಳಿಸಿಕೊಟ್ಟು, ಮಗನಿಗೆ ಮದುವೆ ಮಾಡಿ, ಸೊಸೆ ಸೂಚಿಂಗ್‌ಗೆ ಕಸುಬು ಕಲಿಸಿ, ಮೊಮ್ಮಗಳು ಪೇಜೆನ್ ಹೈಸ್ಕೂಲು ಸೇರುವುದನ್ನೂ ಕಂಡರು. ಹೋದ ಚಳಿಗಾಲದಲ್ಲಿ ಪಕ್ಕೆಯ ಮೇಲೆ ಸರ್ಪಸುತ್ತು ಎದ್ದಿತು.

ಊರಿನವರು ಮಾಡುವುದನ್ನೇ ಅವರೂ ಮಾಡಿದರು. ಸರ್ಪಸುತ್ತಿನ ಹಾವನ್ನು ಕತ್ತರಿಸುವ ಪಕ್ಕದ ಊರಿನ ಮಂತ್ರಗಾರನ ಬಳಿ ಹೋದರು. ಅವನು ಗುಳ್ಳೆಗಳ ಸುತ್ತ ಕುಂಚದಿಂದ ಮಸಿಯ ಗೆರೆ ಎಳೆದು, ಮಂತ್ರ ಹೇಳಿ, ಹಾವಿನ ಬದಲಿಗೆ ಹುಲ್ಲಿನ ಹಗ್ಗವನ್ನು ಹಲಗೆಯ ಮೇಲಿಟ್ಟು ಕತ್ತಿಯಿಂದ ಕಡಿಯುತ್ತಾನೆ. ಮೂರು ದಿನದ ಶಾಸ್ತ್ರ. ಮೊದಲ ದಿನ ತಲೆ, ಎರಡನೆಯ ದಿನ ಮೈ, ಮೂರನೆಯ ದಿನ ಬಾಲ. ಮೂರನೆಯ ಬೆಳಿಗ್ಗೆ ಅತ್ತೆಯ ಮೈ ಸುಡುತ್ತಿರುವುದನ್ನು ಕಂಡ ಸೂಚಿಂಗ್ ಒಂದು ಮಾತೂ ಕೇಳಿಸಿಕೊಳ್ಳದೆ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ತೈನಾನ್‌ನ ಆಸ್ಪತ್ರೆಗೆ ಹೋದಳು. ಜ್ವರ ಇಳಿಯಿತು, ಗುಳ್ಳೆ ಒಣಗಿತು, ಹಕ್ಕಳೆ ಉದುರಿತು. ನೋವು ಮಾತ್ರ ಉಳಿಯಿತು.

ಬಾಲ ಉಳಿದುಹೋಗಿದೆ ಎಂದರು ಅತ್ತೆ. ಯಾರಿಂದ ಉಳಿಯಿತು ಎಂದು ಹೇಳಲಿಲ್ಲ. ಹೇಳದೆಯೇ ಎಂಟು ತಿಂಗಳಿಂದ ಹೇಳುತ್ತಿದ್ದರು.

“ಮೂರನೇ ದಿನ ಹೋಗೋಕೆ ಬಿಟ್ಟಿದ್ರೆ ಇಷ್ಟೆಲ್ಲ ಇರ್ತಿರ್ಲಿಲ್ಲ. ಯಾರೋ ಎಳ್ಕೊಂಡ್ಹೋದ್ರು.”

“ಯಾರೋ ಅಲ್ಲ ಅತ್ತೆ, ನಾನೇ.”

“ನಾನು ಹೆಸರು ತೆಗೆದ್ನಾ?”

ಇಷ್ಟು ಹೇಳಿ, ತೀರಿಹೋದ ಗಂಡನ ಹಳೇ ಬನಿಯನ್ನನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕೆಯಿಂದ ದೂರ ಎತ್ತಿಕೊಂಡು ಅನ್ನ ಉಣ್ಣುವರು. ಬಟ್ಟೆಯೂ ಸೋಕುವಂತಿರಲಿಲ್ಲ. ಹೀಗೆ ಒಂದು ಕೈ ಸದಾ ಬನಿಯನ್ನಿಗೇ ಮೀಸಲಾದ್ದರಿಂದ ಊಟಕ್ಕೂ ಕೆಲಸಕ್ಕೂ ಒಂದೇ ಕೈ. ರವಿಕೆ ತೊಟ್ಟು ಸಂತೆಗೆ ಬರುವ ಮಾತಂತೂ ಇರಲೇ ಇಲ್ಲ. ಅಂಗಡಿಗೆ ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು, “ಮುದುಕಮ್ಮ ಎಲ್ಲಿ?” ಕಡುಬು ಆಮೇಲೆ.

ಸೂಚಿಂಗ್‌ಗೆ ತಿರುಗಿ ಹೇಳುವುದಕ್ಕೆ ಮಾತಿರಲಿಲ್ಲವೆಂದಲ್ಲ. ಗುಳ್ಳೆ ಎದ್ದ ದಿನವೇ ಬಂದಿದ್ದರೆ ಒಳ್ಳೆಯದಿತ್ತು ಎಂದು ಡಾಕ್ಟರು ಹೇಳಿದ್ದನ್ನು ಅವಳು ಕಿವಿಯಾರೆ ಕೇಳಿದ್ದಳು. ಆದರೆ ಬಾಯಿಗೆ ಬಂದ ಆ ಮಾತನ್ನು ಪ್ರತಿಸಲವೂ ಎಳ್ಳೆಣ್ಣೆಯ ಕೋಳಿಸಾರಿನ ನೆನಪು ತಡೆಯುತ್ತಿತ್ತು. ಪೇಜೆನ್ ಹುಟ್ಟಿದಾಗ ಈ ಅತ್ತೆ ಬಾಣಂತನದ ತಿಂಗಳಿಡೀ ದಿನವೂ ಶುಂಠಿ ಹುರಿದು ಆ ಸಾರು ಮಾಡಿ ಬಟ್ಟಲು ಕೈಗಿಟ್ಟಿದ್ದರು. ತಣ್ಣೀರು ಮುಟ್ಟಗೊಡಲಿಲ್ಲ. ಸಂತೆಯ ಪಾತ್ರೆ, ಮನೆಯ ಪಾತ್ರೆ, ಮಗುವಿನ ಬಟ್ಟೆ, ಎಲ್ಲವನ್ನೂ ತಾವೇ ತೊಳೆದರು. ಹೆಣ್ಣು ಹುಟ್ಟಿತೆಂದು ಬೇಸರವಾಯಿತೇ ಎಂದು ಸೊಸೆ ಅಳುಕುತ್ತ ಕೇಳಿದಾಗ, “ಈ ಮನೇಲಿ ಇನ್ನೊಂದು ‘ಇರಲಿ ಬಿಡು’ ಬೇಡ. ಚೆಂದದ ಹೆಸರಿಡು” ಎಂದಿದ್ದರು. ಅಂಥ ಸಾರು ಉಂಡವಳು ಎಂಟು ತಿಂಗಳ ಕೊಂಕು ಮಾತನ್ನು ಜೀರ್ಣಿಸಿಕೊಳ್ಳಲಾರಳೇ?

ಆದರೂ ಹೊಟ್ಟೆಗೂ ಒಂದು ಮಿತಿ ಇರುತ್ತದೆ.

*

ನೋವಿನ ಡಾಕ್ಟರು ಕೋ ಎಂಬಾತ ಇನ್ನೂ ಚಿಕ್ಕವನು. ಅಜ್ಜಿಯರ ಜೊತೆ ಅವರ ಹಳ್ಳಿಮಾತನ್ನೇ ಆಡಬೇಕೆಂಬ ಹಟ, ಆಡಿದರೆ ಎರಡಕ್ಕೊಂದು ತಪ್ಪು.

“ಅಜ್ಜಿ, ಗಾಯ ವಾಸಿಯಾಗಿದೆ. ಆದ್ರೆ ನರಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಅದು ಬೆಂಕಿ ಬೆಂಕಿ ಅಂತ ಕೂಗ್ತಾನೇ ಇದೆ. ಈ ಮಾತ್ರೆ ಅದರ ಬಾಯಿ ಸ್ವಲ್ಪ ಮುಚ್ಚಿಸುತ್ತೆ. ನೋವು ಬಂದಾಗ ಮಾತ್ರ ನುಂಗೋದಲ್ಲ ಇದು. ಬೆಳಿಗ್ಗೆ ಒಂದು, ಸಂಜೆ ಒಂದು, ದಿನಾ. ಸಣ್ಣದರಿಂದ ಶುರು ಮಾಡಿ ನಿಧಾನಕ್ಕೆ ಏರಿಸೋಣ. ನಿಲ್ಲಿಸೋದಾದ್ರೂ ನನ್ನ ಕೇಳಿ ನಿಧಾನಕ್ಕೇ.”

“ಎಷ್ಟು ದಿನ?”

“ತಿಂಗಳುಗಟ್ಟಲೆ. ವರ್ಷವೂ ಆಗಬಹುದು.”

ಅತ್ತೆ ತಲೆಯಾಡಿಸಿದರು. ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಬಾಯಿ ಬಿಟ್ಟರು.

“ಕಿಡ್ನಿ ಕತೆ ಮುಗೀತು.”

“ಡಾಕ್ಟ್ರು ಹಾಗೇನೂ ಹೇಳ್ಲಿಲ್ವಲ್ಲ ಅತ್ತೆ.”

“ಅವರ್ಯಾಕೆ ಹೇಳ್ತಾರೆ? ಸೋಯಾಹಾಲು ಮಾರೋ ಆಗಿಮ್‌ನ ಗಂಡನ್ನ ನೋಡು. ಇಂಗ್ಲಿಷ್ ಮಾತ್ರೆ ನುಂಗಿ ನುಂಗಿ ಈಗ ವಾರಕ್ಕೆ ಮೂರು ಸಲ ರಕ್ತ ತೊಳೆಸೋಕೆ ಹೋಗ್ತಾನೆ.”

“ಅವನಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ನುಂಗದೇ ಇದ್ದಿದ್ದಕ್ಕೆ ಹಾಗಾಯ್ತು.”

“ಅಂತ ಡಾಕ್ಟ್ರು ಹೇಳಿದ್ರು,” ಎಂದು ಅತ್ತೆ ವಾದ ಮುಗಿಸಿದರು.

ಮನೆಗೆ ಬಂದವರೇ ಮಾತ್ರೆಯ ಪೊಟ್ಟಣವನ್ನು ದೇವರ ಮೇಜಿನ ಮೇಲೆ, ಮೀನುಗಾರರ ಮನೆಯಲ್ಲಿ ಹುಟ್ಟಿ ಕಡಲ ದೇವಿಯಾದ ಮಾತ್ಸು ತಾಯಿಯ ವಿಗ್ರಹದ ಪಕ್ಕದಲ್ಲಿಟ್ಟರು. ಸೂಚಿಂಗ್‌ಗೆ ನೆಮ್ಮದಿಯಾಯಿತು. ಔಷಧಿಗೆ ಅಷ್ಟು ಮರ್ಯಾದೆ ಸಿಕ್ಕಿತಲ್ಲ ಎಂದುಕೊಂಡಳು.

ವಾರಗಳು ಕಳೆದವು, ಫ್ಯಾನು ಗೋಡೆಯನ್ನೇ ನೋಡುತ್ತಿತ್ತು. ಡಾಕ್ಟರು ಮಾತ್ರೆಯ ಶಕ್ತಿ ಏರಿಸಿದರು. ಗುಣ ಕಾಣಲಿಲ್ಲ, ಇನ್ನೂ ಏರಿಸಿದರು. ಚಕ್ಕೋತದ ಕಾಲ ಬಂತು. ಊರಿನ ಪ್ರತಿ ಜಗುಲಿಯ ಮೇಲೂ ಹಣ್ಣಿನ ಗುಡ್ಡೆ. ಹುಣ್ಣಿಮೆ ಹಬ್ಬಕ್ಕೆ ಜಿನ್‌ಫಾ ಒಂದು ಬುಟ್ಟಿ ತಂದ. ಚಕ್ಕೋತ ಸುಲಿಯುವುದರಲ್ಲಿ ಅವನ ತಾಯಿಯನ್ನು ಮೀರಿಸುವವರಿರಲಿಲ್ಲ. ಸಿಪ್ಪೆ ಹೂವಿನ ಹಾಗೆ ಒಂದೇ ತುಂಡಾಗಿ ಬಿಚ್ಚಿಕೊಳ್ಳುತ್ತಿತ್ತು. ಈ ಸಲ ಒಂದೇ ಕೈಯಲ್ಲಿ ಹಣ್ಣನ್ನು ಉರುಳಿಸಿ ಉರುಳಿಸಿ ಸಾಕಾಗಿ ಪೇಜೆನ್ ಕಡೆ ತಳ್ಳಿದರು.

“ಸುಲಿ.”

“ಅಜ್ಜಿ, ನಾನು ಸುಲಿದ್ರೆ ಹಣ್ಣೂ ಸಿಪ್ಪೆ ಜೊತೆಗೇ ಹೋಗುತ್ತೆ.”

“ಹೋಗ್ಲಿ. ನಂದೇ ಹೋಗಿದೆ, ಹಣ್ಣಿಂದೇನು?”

ಹಬ್ಬ ಕಳೆದು ಎರಡು ದಿನಕ್ಕೆ ಅತ್ತೆ ಬಟ್ಟಲುಗಳ ಅಟ್ಟಿ ಎತ್ತಿಕೊಂಡು ಒಲೆಯ ಕಡೆ ನಡೆದವರು ತೂಗಾಡಿ ಗೋಡೆಗೆ ಒರಗಿದರು. ಬಟ್ಟಲು ಚೂರುಚೂರಾದವು. ಜಿನ್‌ಫಾನ ಅಜ್ಜಿಯ ಕಾಲದ ನೀಲಿ ಅಂಚಿನ ಬಟ್ಟಲುಗಳು.

“ಅಮ್ಮಾ!” ಎಂದು ಓಡಿಬಂದ ಜಿನ್‌ಫಾ ಅವರನ್ನು ಕೂರಿಸಿದ.

“ತಲೆ ತಿರುಗ್ತಿದೆ. ನಿನ್ನ ಹೆಂಡತಿ ಮಾತ್ರೆ.”

“ನನ್ನ ಮಾತ್ರೆ?” ಪೊರಕೆ ಹಿಡಿದಿದ್ದ ಸೂಚಿಂಗ್ ನಿಂತಲ್ಲೇ ಕೇಳಿದಳು. “ನಾನೇನು ಹಿತ್ತಲಲ್ಲಿ ಬೆಳೆದ್ನಾ ಅತ್ತೆ?”

“ಬಾಲಾನೂ ನೀನೇ ಉಳಿಸಿದ್ದು, ಮಾತ್ರೇನೂ ನೀನೇ ತಂದಿದ್ದು.”

ಅಂತೂ ಹೆಸರು ತೆಗೆದಿದ್ದರು.

“ಸರಿ. ಮೊದಲ್ನೇ ದಿನಾನೇ ಆಸ್ಪತ್ರೆಗೆ ಹೋಗಿದ್ರೆ ತಲೇನೇ ಇರ್ತಿರ್ಲಿಲ್ಲ, ಬಾಲ ಎಲ್ಲಿಂದ ಬರ್ತಿತ್ತು?” ಎಂದುಬಿಟ್ಟಳು ಸೂಚಿಂಗ್. ಎಳ್ಳೆಣ್ಣೆಯ ಸಾರು ಆವತ್ತು ಕೈಕೊಟ್ಟಿತು.

ಆ ಸಂಜೆ ಊಟದ ಮೇಜಿನಲ್ಲಿ ಮಾತಾಡಿದ್ದು ಟಿವಿಯೊಂದೇ. ಜಿನ್‌ಫಾ ಸುದ್ದಿ ನೋಡುತ್ತ, ಯಾರ ಕಡೆಯವನೂ ಅಲ್ಲದವನಂತೆ, ಇಬ್ಬರ ಬಟ್ಟಲಿಗೂ ಮೀನಿನ ಹೊಟ್ಟೆಯ ಭಾಗವನ್ನು ಸಮನಾಗಿ ಬಡಿಸಿದ.

*

ಗುಟ್ಟು ಹೊರಬಿದ್ದದ್ದು ಬೆಳ್ಳುಳ್ಳಿ ಗೊಜ್ಜಿನಿಂದ. ಸೂಚಿಂಗ್ ಒಂದು ದಿನ ಗೊಜ್ಜಿನ ಡಬ್ಬಿ ಮರೆತು ಸಂತೆಗೆ ಹೋದಳು. ಗೊಜ್ಜಿಲ್ಲದ ಕಡುಬನ್ನು ಮಾತೌ ಪೇಟೆಯಲ್ಲಿ ನಾಯಿಯೂ ಮೂಸುವುದಿಲ್ಲ. ಅಂಗಡಿಯನ್ನು ಗಂಡನಿಗೆ ಬಿಟ್ಟು ಮನೆಗೆ ಓಡಿಬಂದಳು. ಹಿಂಬಾಗಿಲಿನಿಂದ ಒಳಗೆ ಕಾಲಿಡುವಾಗ ದೇವರ ಕೋಣೆಯಲ್ಲಿ ಸದ್ದು. ಟಕ್, ಟಕ್.

ಅದು ಗೊತ್ತಿಲ್ಲದ ಸದ್ದೇನಲ್ಲ. ಅಪ್ಪಣೆ ಕೇಳುವ ಮರದ ಹೋಳುಗಳು ನೆಲಕ್ಕೆ ಬೀಳುವ ಸದ್ದು. ಅರೆಚಂದ್ರದ ಆಕಾರದ ಎರಡು ಕೆಂಪು ಹೋಳು. ಒಂದು ಅಂಗಾತ ಒಂದು ಬೋರಲು ಬಿದ್ದರೆ ದೇವಿ ಹೌದೆಂದಳು. ಎರಡೂ ಬೋರಲಾದರೆ ಬೇಡವೆಂದಳು. ಎರಡೂ ಅಂಗಾತವಾದರೆ ನಕ್ಕಳು, ಏನು ಕೇಳುತ್ತಿದ್ದೀಯೋ ನೆಟ್ಟಗೆ ಕೇಳು ಎಂದು.

“ತಾಯಿ, ನಾನು ಹುವಾಂಗ್ ಮನೆಯ ಬೋಂಗ್‌ಯೋ,” ಅತ್ತೆ ಹೇಳುತ್ತಿದ್ದರು, ದಿನವೂ ನೋಡುವ ದೇವಿಗೆ ವಿಳಾಸ ಸಮೇತ. “ಇವತ್ತು ಬೆಳಗಿನ ಮಾತ್ರೆ ನುಂಗಲೋ ಬೇಡವೋ?”

ಟಕ್, ಟಕ್. ಎರಡೂ ಬೋರಲು.

ಅತ್ತೆ ಮೂರು ಸಲ ನಮಸ್ಕರಿಸಿ, ಮಾತ್ರೆಯನ್ನು ಮೇಜಿನ ಕೆಳಗಿದ್ದ ಬಿಸ್ಕತ್ತಿನ ಡಬ್ಬಿಗೆ ಹಾಕಿದರು. ಡಬ್ಬಿ ಗಲಗಲ ಎಂದಿತು. ಒಂದೆರಡು ಮಾತ್ರೆಯಿದ್ದರೆ ಹಾಗೆ ಸದ್ದಾಗುವುದಿಲ್ಲ.

“ಅತ್ತೆ!”

ಅತ್ತೆ ಬೆಚ್ಚಿಬಿದ್ದರು. ಬನಿಯನ್ನು ಕೈತಪ್ಪಿ ಪಕ್ಕೆಗೆ ಸೋಕಿತು. ಹಲ್ಲು ಕಚ್ಚಿ ಅದನ್ನು ಮತ್ತೆ ಎತ್ತಿ ಹಿಡಿದು, “ಅಂಗಡಿ ಬಿಟ್ಟು ಯಾಕೆ ಬಂದೆ?” ಎಂದರು.

“ಯಾವಾಗಿಂದ ಹೀಗೆ?”

“ಹೀಗೆ ಅಂದ್ರೆ? ದೇವರ ಹತ್ರ ಕೇಳೋದೂ ತಪ್ಪಾ?”

ಸೂಚಿಂಗ್‌ಗೆ ಒಂದೊಂದಾಗಿ ಅರ್ಥವಾಗುತ್ತ ಹೋಯಿತು. ಡಾಕ್ಟರು ಏರಿಸಿದ್ದು, ದೇವಿ ಬೇಡವೆಂದದ್ದು, ಖಾಲಿ ಬಿಟ್ಟ ಮೈಗೆ ಒಮ್ಮೆಲೇ ದೊಡ್ಡ ಮಾತ್ರೆ ಬಿದ್ದು ತಲೆ ತಿರುಗಿದ್ದು, ನೀಲಿ ಅಂಚಿನ ಬಟ್ಟಲು. ಬೈಯಲೆಂದು ಬಾಯಿ ತೆರೆದಳು. ಅತ್ತೆ ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ ಡಬ್ಬಿಯನ್ನು ಪಾದದಿಂದ ಮೇಜಿನ ಕೆಳಕ್ಕೆ ತಳ್ಳುತ್ತಿದ್ದರು.

“ಅತ್ತೆ, ಇದು ಸುಮ್ನೆ ಒಮ್ಮೆ ತಗೊಂಡು ಒಮ್ಮೆ ಬಿಡೋ ಮಾತ್ರೆ ಅಲ್ಲ. ನೀವು ಬಿದ್ದಿದ್ದು ಅದಕ್ಕೇ.”

“ರಕ್ತ ತೊಳೆಸ್ಕೊಳ್ತಾ ಸಾಯೋಕೆ ನನಗಿಷ್ಟ ಇಲ್ಲ ಕಣೆ,” ಎಂದರು ಅತ್ತೆ. ದನಿಯಲ್ಲಿ ಜಗಳ ಇರಲಿಲ್ಲ. “ನನ್ನ ತಮ್ಮ ಹಾಗೇ ಹೋದ. ಕೈಯೆಲ್ಲ ಸೂಜಿ. ನೀನು ಆ ಮನೇಲಿರ್ಲಿಲ್ಲ, ನೋಡಿಲ್ಲ.”

ಸಂಜೆ ವಿಷಯ ತಿಳಿದ ಪೇಜೆನ್ ಅನ್ನದ ಬಟ್ಟಲು ಕೆಳಗಿಟ್ಟು ನಕ್ಕಳು. “ದಿನಕ್ಕೆರಡು ಸಲ ಡ್ಯೂಟಿ! ಮಾತ್ಸು ತಾಯಿಗೆ ರಜಾನೇ ಇಲ್ವಾ ಅಜ್ಜಿ? ಅಲ್ಲ, ಹೋಳು ಎಸೆದ್ರೆ ಹೌದು ಅಂತ ಬೀಳೋದು ಎರಡು ಸಲಕ್ಕೆ ಒಂದು ಸಲ. ನಮ್ಮ ಲೆಕ್ಕದ ಮೇಷ್ಟ್ರು—”

“ನಿಮ್ಮ ಮೇಷ್ಟ್ರು ಹುಟ್ಟಿದ್ದೂ ಅವಳ ಅಪ್ಪಣೆ ಮೇಲೇ,” ಎಂದರು ಅಜ್ಜಿ. “ಉಣ್ಣು.”

*

ಡಾಕ್ಟರ್ ಕೋ ಕತೆ ಕೇಳಿ ನಗಲಿಲ್ಲ. ಸ್ವಲ್ಪ ಹೊತ್ತು ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡಿದ.

“ಹಾಗಾದ್ರೆ ಮಾತ್ರೆ ಕೆಲಸ ಮಾಡ್ಲಿಲ್ಲ ಅಂತ ಅಲ್ಲ, ಅದಕ್ಕೆ ಕೆಲಸಾನೇ ಕೊಟ್ಟಿಲ್ಲ. ನಾನೂ ಕೇಳದೆ ಏರಿಸ್ತಾ ಹೋದೆ.” ಆಮೇಲೆ ಅತ್ತೆಯ ಕಡೆ ತಿರುಗಿದ. “ಅಜ್ಜಿ, ನಿಮ್ಮ ಕಿಡ್ನಿ ಪರೀಕ್ಷೆ ಮಾಡೋಣ. ಈ ಮಾತ್ರೆ ಎಷ್ಟು ಕೊಡ್ಬೇಕು ಅನ್ನೋದನ್ನ ಅದನ್ನ ನೋಡ್ಕೊಂಡೇ ತೀರ್ಮಾನ ಮಾಡೋದು. ಮುಂದಕ್ಕೂ ಆಗಾಗ ನೋಡ್ತೀನಿ. ಆದ್ರೆ ದಿನಾ ತಗೊಳ್ಳೋ ಹಾಗಿದ್ರೆ ಮಾತ್ರ ಸಣ್ಣದರಿಂದ ಮತ್ತೆ ಶುರು ಮಾಡೋಣ. ಇಲ್ದಿದ್ರೆ ಬೇಡ. ಅರ್ಧಂಬರ್ಧ ತಗೊಳ್ಳೋದು ಅಪಾಯ.”

ಪರೀಕ್ಷೆಯ ಫಲಿತಾಂಶ ವಯಸ್ಸಿಗೆ ತಕ್ಕಂತೆ ಚೆನ್ನಾಗಿಯೇ ಇತ್ತು. “ಈಗ ಚೆನ್ನಾಗಿದೆ,” ಎಂದರು ಅತ್ತೆ. “ಮುಂದೆ?”

ಮನೆಯಲ್ಲಿ ಸೂಚಿಂಗ್ ದೇವರ ಮೇಜಿನ ಮುಂದೆ ದೀಪ ಹಚ್ಚಿದಳು. “ಅತ್ತೆ, ದಿನಾ ಕೇಳ್ಬೇಡಿ. ಒಂದೇ ಸಲ ಕೇಳಿ. ಮುಂದಿನ ಮೂರು ತಿಂಗಳಿಗೆ. ಮನೆ ಕಟ್ಟೋವಾಗ, ನಮ್ಮ ಮದುವೆ ಮಾಡೋವಾಗ ಕೇಳಿದ ಹಾಗೆ.”

“ದೊಡ್ಡ ಮಾತಿಗೆ ಸಾಲಾಗಿ ಮೂರು ಹೌದು ಬೀಳ್ಬೇಕು.”

“ಬೀಳ್ಲಿ.”

“ಬೇಡ ಅಂತ ಬಿತ್ತೋ, ನೀನು ಮತ್ತೆ ಮಾತ್ರೆ ಸುದ್ದಿ ಎತ್ತೋ ಹಾಗಿಲ್ಲ.”

“ಎತ್ತಲ್ಲ.”

ಪೇಜೆನ್ ಅಮ್ಮನ ಕಿವಿಯಲ್ಲಿ, “ಮೂರೂ ಸಾಲಾಗಿ ಅಂದ್ರೆ ಎಂಟರಲ್ಲಿ ಒಂದು ಸಲ ಅಮ್ಮಾ. ಹಾಳಾಯ್ತು,” ಎಂದು ಪಿಸುಗುಟ್ಟಿದಳು. ಸೂಚಿಂಗ್ ತನ್ನ ಲೆಕ್ಕ ಹಾಕಿದಳು. ಇದು ಕೈತಪ್ಪಿದರೆ ಅತ್ತೆ ಉಳಿದ ಆಯುಸ್ಸನ್ನೆಲ್ಲ ಒಂದೇ ಕೈಯಲ್ಲಿ ಕಳೆಯಬೇಕು, ತಾನು ಅದನ್ನು ಎರಡೂ ಕಣ್ಣಲ್ಲಿ ನೋಡಬೇಕು. ಆದರೆ ಮಾತು ಆಡಿಯಾಗಿತ್ತು.

ಅತ್ತೆ ಹೆಸರು, ಊರು, ಬೀದಿ ಎಲ್ಲ ಹೇಳಿ ಕೇಳಿದರು. ಟಕ್, ಟಕ್. ಒಂದು ಅಂಗಾತ, ಒಂದು ಬೋರಲು. ಹೌದು.

ಮತ್ತೆ ಎಸೆದರು. ಹೌದು.

ಜಿನ್‌ಫಾ ಟಿವಿ ಆರಿಸಿದ. ಮದುವೆಯಾದ ಮೇಲೆ ಅವನು ತಾನಾಗಿ ಟಿವಿ ಆರಿಸಿದ್ದನ್ನು ಸೂಚಿಂಗ್ ನೋಡಿರಲಿಲ್ಲ.

ಮೂರನೆಯ ಸಲ ಎರಡೂ ಅಂಗಾತ ಬಿದ್ದವು. ದೇವಿ ನಕ್ಕಿದ್ದಳು.

“ಇದು ಬೇಡ ಅಂತಲ್ಲ,” ಎಂದ ಜಿನ್‌ಫಾ ಅವಸರವಾಗಿ.

“ನನಗೆ ಹೇಳ್ಕೊಡ್ತೀಯಾ?” ಅತ್ತೆ ಹೋಳುಗಳನ್ನೇ ನೋಡುತ್ತ ಕೂತರು. ದೀಪದ ಬತ್ತಿ ಚಟಗುಟ್ಟಿತು. “ಕೇಳಿದ್ದು ಸರಿ ಇಲ್ಲ, ಅದಕ್ಕೆ ನಗ್ತಾಳೆ. ಮಾತ್ರೆ ವಿಷಯ ಅವಳಿಗೇನು ಗೊತ್ತು? ಮೀನುಗಾರರ ಮನೆ ಹುಡುಗಿ.” ಹೋಳುಗಳನ್ನೆತ್ತಿ ಸೂಚಿಂಗ್ ಕೈಗೆ ಕೊಟ್ಟರು. “ಹಿಡ್ಕೊ. ನಾನು ಕೇಳ್ತೀನಿ, ನೀನು ಎಸಿ.” ಆಮೇಲೆ ವಿಗ್ರಹದ ಕಡೆ ತಿರುಗಿ, ಎರಡೂ ಕೈ ಜೋಡಿಸಿದರು. ಬನಿಯನ್ನು ಪಕ್ಕೆಯ ಮೇಲೆ ಬಿತ್ತು. ಮುಖ ಕಿವುಚಿತು, ಕೈ ಮಾತ್ರ ಬಿಡಲಿಲ್ಲ. “ತಾಯಿ, ಇವಳು ನನ್ನ ಸೊಸೆ. ಇವಳು ದಿನಾ ಕೈಯಲ್ಲಿಟ್ಟಿದ್ದನ್ನ ನಾನು ನುಂಗ್ತೀನಿ. ಕಿಡ್ನಿ ನೀನು ನೋಡ್ಕೊ. ಒಪ್ಪಿಗೇನಾ?”

ಸೂಚಿಂಗ್ ಎಸೆದಳು. ಒಂದು ಹೋಳು ಅಲ್ಲೇ ಅಂಗಾತ ಬಿತ್ತು. ಇನ್ನೊಂದು ಪುಟಿದು, ಉರುಳಿ, ದೇವರ ಮೇಜಿನ ಕೆಳಗೆ ಕತ್ತಲೆಗೆ ಹೋಯಿತು.

ಪೇಜೆನ್ ಹೊಟ್ಟೆಯ ಮೇಲೆ ಮಲಗಿ ಫೋನಿನ ಬೆಳಕು ಬಿಟ್ಟು ಒಳಗೆ ತಲೆ ತೂರಿಸಿದಳು. ಕಾಲು ಮಾತ್ರ ಹೊರಗೆ ಕಾಣುತ್ತಿತ್ತು.

“ಬೋರಲು!” ಎಂದು ಒಳಗಿನಿಂದ ಕೂಗಿದಳು. “ಬೋರಲೇ ಬಿದ್ದಿದೆ! ಹೌದು ಅಂತ!”

“ಮುಟ್ಬೇಡ,” ಎಂದು ಮಗಳನ್ನು ತಡೆದ ಜಿನ್‌ಫಾ. “ಅಮ್ಮ, ನೀವೂ ಬಗ್ಗಿ ನೋಡಿ.”

“ಹುಡುಗಿ ಹೇಳಿದ್ಲಲ್ಲ,” ಎಂದರು ಅತ್ತೆ, ಬನಿಯನ್ನನ್ನು ಮತ್ತೆ ಎತ್ತಿ ಹಿಡಿಯುತ್ತ. “ನನ್ನ ಪಕ್ಕೆಗೆ ಬಗ್ಗೋಕಾಗಲ್ಲ. ಸಾಕು.” ಸೊಸೆಯ ಮುಂದೆ ಅಂಗೈ ಒಡ್ಡಿದರು. “ಕೊಡು.”

ಆಮೇಲೆ ಪಾತ್ರೆ ತೊಳೆಯುವಾಗ ಸೂಚಿಂಗ್ ಮಗಳನ್ನು ಮೆಲ್ಲಗೆ ಕೇಳಿದಳು. “ನಿಜವಾಗ್ಲೂ ಬೋರಲಿತ್ತಾ?”

“ನಾನು ಸುಳ್ಳು ಹೇಳ್ತೀನಾ ಅಮ್ಮಾ?”

“ದಿನಾ ಹೇಳ್ತೀಯ.”

“ಇದನ್ನ ಹೇಳಿಲ್ಲ,” ಎಂದಳು ಪೇಜೆನ್, ಬಟ್ಟಲು ಒರೆಸುತ್ತ.

*

ಮಾತ್ರೆ ಪವಾಡವೇನೂ ಮಾಡಲಿಲ್ಲ. ಮೊದಲ ವಾರ ಅತ್ತೆ ಹಗಲೆಲ್ಲ ತೂಕಡಿಸಿದರು. ಅನ್ನದ ಬಟ್ಟಲಿನ ಮೇಲೇ ತಲೆ ವಾಲುತ್ತಿತ್ತು. ಎರಡನೆಯ ವಾರ ಪಾದ ಊದಿಕೊಂಡಿತು. ಡಾಕ್ಟರು ನೋಡಿ, ಏರಿಸುವುದನ್ನು ನಿಧಾನ ಮಾಡಿದರು. ಸೂಚಿಂಗ್ ಬೆಳಿಗ್ಗೆ ಸಂತೆಗೆ ಹೊರಡುವ ಮೊದಲು ಒಂದು, ಸಂಜೆ ಊಟವಾದ ಮೇಲೆ ಒಂದು ಅಂಗೈಗಿಡುವಳು. ಅತ್ತೆ ಅದನ್ನು ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಪುಟ್ಟ ಮಗುವಿನ ಹಾಗೆ ಬಾಯಿ ತೆರೆದು ನಾಲಿಗೆ ತೋರಿಸುವರು, ಕೊಂಕಾಗಿಯೇ. “ನೋಡು. ನುಂಗಿದೆ. ಪೊಲೀಸ್ನೋರಿಗೂ ಇಷ್ಟು ಅನುಮಾನ ಇರಲ್ಲ.”

“ನಾನೇನೂ ಕೇಳ್ಲಿಲ್ಲ.”

“ಕಣ್ಣಲ್ಲಿ ಕೇಳ್ದೆ.”

ಅಕ್ಟೋಬರಿನ ಒಂದು ಬೆಳಿಗ್ಗೆ ಅತ್ತೆ ಅಡುಗೆಮನೆಯಲ್ಲಿ ಅಕ್ಕಿಹಾಲಿಗೆ ಕುದಿನೀರು ಹುಯ್ದು ತಿರುವುತ್ತಿದ್ದರು. ಒಂದು ಕೈಯಲ್ಲಿ ಪಾತ್ರೆ ಹಿಡಿದಿದ್ದರು, ಇನ್ನೊಂದರಲ್ಲಿ ಸೌಟು. ಸೂಚಿಂಗ್ ಅಣಬೆ ಹೆಚ್ಚುತ್ತಿದ್ದವಳು ಚಾಕು ನಿಲ್ಲಿಸಿದಳು. ಬನಿಯನ್ನನ್ನು ಯಾರೂ ಹಿಡಿದಿರಲಿಲ್ಲ. ಅದು ತಾನಾಗಿಯೇ, ಬಟ್ಟೆಗಳು ಸಾಧಾರಣವಾಗಿ ಇರುವ ಹಾಗೆ, ಪಕ್ಕೆಯ ಮೇಲೆ ಇಳಿಬಿದ್ದಿತ್ತು. ಅತ್ತೆಗೇ ಅದು ಗೊತ್ತಾಗಿರಲಿಲ್ಲ. ಬಾಯಿ ಬಿಟ್ಟರೆ ಆ ಗುಣ ಎಲ್ಲಿ ಓಡಿಹೋಗುವುದೋ ಎಂಬಂತೆ ಸೂಚಿಂಗ್ ತಲೆ ತಗ್ಗಿಸಿ, ಮನಸ್ಸಿನಲ್ಲೇ ದೇವಿಗೂ ಡಾಕ್ಟರಿಗೂ ಕೈ ಮುಗಿದು ಅಣಬೆ ಹೆಚ್ಚಿದಳು. ಕಣ್ಣು ತುಂಬಿದ್ದನ್ನು ಈರುಳ್ಳಿಯ ಮೇಲೆ ಹೊರಿಸೋಣವೆಂದರೆ ಆವತ್ತು ಹೆಚ್ಚಲು ಈರುಳ್ಳಿಯೂ ಇರಲಿಲ್ಲ.

ತಿಂಗಳ ಕೊನೆಗೆ ಅತ್ತೆ ರವಿಕೆ ತೊಟ್ಟರು. ಒಂದು ಗಂಟೆ ಸಂತೆಯಲ್ಲಿ ಕೂತು ಬಂದರು. “ಮುದುಕಮ್ಮ ಬಂದ್ರು!” ಎಂದು ಆಗಿಮ್ ಇಡೀ ಸಾಲಿಗೆ ಕೇಳುವಂತೆ ಕೂಗಿ, ಒಂದು ಲೋಟ ಸೋಯಾಹಾಲು ಬಿಟ್ಟಿ ಕೊಟ್ಟಳು. “ಬಾಲ ಕಡಿಸಿದ್ರಾ?”

“ಕಡಿಸ್ಲಿಲ್ಲ. ಮಲಗಿಸಿದ್ದೀವಿ,” ಎಂದರು ಅತ್ತೆ. “ನಿನ್ನ ಗಂಡನಿಗೂ ಸಕ್ಕರೆ ಮಾತ್ರೆ ಬಿಡ್ಬೇಡ ಅಂತ ಹೇಳು.”

ನವೆಂಬರಿನಲ್ಲಿ ಒಂದು ದಿನ ಸೂಚಿಂಗ್ ಸಂತೆ ಮುಗಿಸಿ ಬೆವರು ಸುರಿಸುತ್ತ ಮನೆಗೆ ಬಂದಾಗ ಬಾಗಿಲಿಗೇ ಹಂದಿಕಾಲು ಬೆಂದ ವಾಸನೆ ಬಂತು. ಮೇಜಿನ ಮೇಲೆ ಒಂದೇ ಒಂದು ದೊಡ್ಡ ಬಟ್ಟಲು. ನೂಲಿನಂಥ ಶಾವಿಗೆ, ಅದರ ಮೇಲೆ ಕೆಂಪಗೆ ಬೆಂದ ಹಂದಿಕಾಲು, ಎರಡು ಮೊಟ್ಟೆ.

ಹಂದಿಕಾಲಿನ ಶಾವಿಗೆಯನ್ನು ಆ ಮನೆಯಲ್ಲಿ ಸುಮ್ಮನೆ ಮಾಡುವುದಿಲ್ಲ. ಜಿನ್‌ಫಾನ ಸ್ಕೂಟರು ಲಾರಿಗೆ ಗುದ್ದಿ ಅವನು ಬದುಕಿ ಬಂದಾಗ ಮಾಡಿದ್ದರು. ಮಾಡದ ಕಳ್ಳತನಕ್ಕೆ ಪಕ್ಕದ ಮನೆಯ ಮಗ ಠಾಣೆಯಲ್ಲಿದ್ದು ಬಿಡುಗಡೆಯಾಗಿ ಬಂದಾಗ ಅವನ ತಾಯಿ ಮಾಡಿದ್ದಳು. ಮೈಗೆ ಅಂಟಿದ ಕೆಟ್ಟದ್ದು ಅದರಿಂದ ತೊಳೆದುಹೋಗುತ್ತದೆ.

“ಒಳ್ಳೇದಾಯ್ತು ಅತ್ತೆ. ನಾನೇ ಮಾಡೋಣ ಅಂತಿದ್ದೆ ನಿಮಗೆ. ಬಿಸಿ ಇರೋವಾಗ್ಲೇ ತಿನ್ನಿ.”

“ನನಗ್ಯಾಕೆ? ನಾನೇನು ಜೈಲಲ್ಲಿದ್ನಾ?” ಅತ್ತೆ ಕುರ್ಚಿ ಎಳೆದರು. “ಕೂತ್ಕೊ.”

ಸೂಚಿಂಗ್ ನಿಂತೇ ಇದ್ದಳು.

“ಕೂತ್ಕೊ ಅಂದೆ. ಶಾವಿಗೆ ಮುದ್ದೆ ಆಗುತ್ತೆ. ಕಚ್ಚಿ ತುಂಡು ಮಾಡ್ಬೇಡ, ಉದ್ದಕ್ಕೆ ಎಳ್ಕೊ. ಎರಡೂ ಮೊಟ್ಟೆ ತಿನ್ನು. ಬಟ್ಟಲಲ್ಲಿ ಏನೂ ಬಿಡೋ ಹಾಗಿಲ್ಲ.”

ಸೂಚಿಂಗ್ ಕೂತಳು. ಕಡ್ಡಿಗಳನ್ನು ಹಿಡಿದಳು. ತೋಳಿನಿಂದ ಕಣ್ಣೊರೆಸಿ, ಮೊದಲ ತುತ್ತನ್ನು ಕಚ್ಚದೆ ಉದ್ದಕ್ಕೆ ಎಳೆದುಕೊಂಡಳು.

“ಉಪ್ಪು ಸರಿ ಇದೆಯಾ?”

“ಸರಿ ಇದೆ ಅತ್ತೆ.”

“ಅಳ್ತಾ ತಿಂದ್ರೆ ಎಲ್ಲಾ ಉಪ್ಪಾಗೇ ಇರುತ್ತೆ. ಏನು ಸೆಕೆ, ನೋಡು ಹೇಗೆ ಬೆವರ್ತಿದ್ದಾಳೆ.”

ಅತ್ತೆ ಎದ್ದು ಫ್ಯಾನಿನ ಬಳಿ ಹೋದರು. ಹನ್ನೊಂದು ತಿಂಗಳ ಗಂಟು ಬೆರಳಿಗೆ ಬಿಚ್ಚಿಕೊಳ್ಳದೆ ಅಡುಗೆಮನೆಯ ಕತ್ತರಿ ತಂದು ಹಗ್ಗ ಕತ್ತರಿಸಿ, ಗುಂಡಿ ಒತ್ತಿದರು. ಫ್ಯಾನು ಗೋಡೆಯಿಂದ ತಿರುಗಿ, ಕಿರ್ರೆಂದು ನೆಟಿಗೆ ಮುರಿದು, ಸೊಸೆಯ ಬೆವರಿದ ಕತ್ತಿನ ಮೇಲೆ ಹಾದು, ಮುಂದಕ್ಕೆ ಅತ್ತೆಯ ಕಡೆ ಬಂತು.

ಸೂಚಿಂಗ್ ತುತ್ತು ಅರ್ಧಕ್ಕೇ ನಿಲ್ಲಿಸಿ ನೋಡಿದಳು. ಅತ್ತೆ ಪಕ್ಕೆಯ ಮೇಲೆ ರವಿಕೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ನಿಂತರು. ಗಾಳಿ ಬಂತು, ರವಿಕೆಯ ಅಂಚು ಹಾರಿಸಿತು, ಹೋಯಿತು.

“ಇದೆ,” ಎಂದರು ಉಸಿರು ಬಿಡುತ್ತ. “ಎಲ್ಲೂ ಹೋಗಿಲ್ಲ. ಇರಲಿ ಬಿಡು, ಸಾಕೋಣ.”

ಫ್ಯಾನು ಕೊನೆಯವರೆಗೆ ಹೋಗಿ, ಒಂದು ಕ್ಷಣ ತಡೆದು, ಮತ್ತೆ ಇತ್ತ ತಿರುಗಿತು.